ಅರಮನೆ ನೋಡಿದ ಮೇಲೆ ಹೇಳೋಣ ಅಂದಿದ್ದೆ

ಮೈಸೂರು, ಆಷಾಢ ಮೂವತ್ತೆರಡು, ಹೊಸ ಪಂಚಾಂಗದ ನೂರ ನಲವತ್ತೊಂದನೆಯ ವರ್ಷ.

ಮುನ್ನೂರು ವರ್ಷ ಹಿಂದಿನ ನನ್ನ ಹಿರಿಯರೇ,

ನಮ್ಮ ತಿಂಗಳಿಗೆ ಮೂವತ್ತೆರಡು ದಿನ. ಅದನ್ನು ನೋಡಿ ನಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ದೇವಾಜಿ, ಅರವತ್ತೆಂಟರ ಮುದುಕಿ. ಬಾಯಿ ಜೋರು, ನಮ್ಮ ಮನೆಯಲ್ಲಿ ನಾನು ಹೇಳಿದ್ದೇ ಆಗಬೇಕು. ನಾನು ಮಾಡಿದ ತಪ್ಪು ನಿಮ್ಮಲ್ಲಿ ಒಬ್ಬರಿಗಾದರೂ ತಪ್ಪಲಿ ಎಂದು ಈ ಕಾಗದ.

ನಿಮ್ಮ ಕಾಲದಲ್ಲಿ ಚಪ್ಪಲಿ ಬಿಟ್ಟು ಚೀಟಿ ತೋರಿಸಿದರೆ ಯಾರು ಬೇಕಾದರೂ ಅರಮನೆಯೊಳಗೆ ಹೋಗಬಹುದಿತ್ತಂತೆ. ಪುಣ್ಯವಂತರು! ಈಗ ರಾಜಧಾನಿ ಮತ್ತೆ ಮೈಸೂರೇ ಆಗಿದೆ. ಆದರೆ ಜನರ ಉಸಿರಿನ ತೇವಕ್ಕೆ ಗೋಡೆಯ ಚಿತ್ರಗಳು ಸುಲಿಯುತ್ತಿವೆ. ಅದಕ್ಕೇ ಒಂದು ಮನೆಯವರಿಗೆ ಜೀವಮಾನದಲ್ಲಿ ಒಂದೇ ಸಲ ಪ್ರವೇಶ. ಅದನ್ನು ಉಸಿರುಸರದಿ ಎನ್ನುತ್ತೇವೆ. ನನ್ನ ಮಗ ಕಂಠೀರವ ತನ್ನ ಮಗಳು ತುಂಗೆ ಹುಟ್ಟಿದ ವಾರವೇ ನಮ್ಮ ನಾಲ್ವರ ಹೆಸರು ಬರೆಸಿದ್ದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿನ್ನದ ಅಂಬಾರಿ ತೋರಿಸಬೇಕೆಂದು ಅವನ ಆಸೆ. ಸರದಿ ಬರಲು ಏಳು ವರ್ಷ ಹಿಡಿಯಿತು. ಇನ್ನು ನಲವತ್ತು ದಿನ ಇದೆ ಎನ್ನುವಾಗ ದೂರದ ಕಾಲುವೆ ಕೆಲಸದಲ್ಲಿ ಮಣ್ಣು ಕುಸಿದು ಕಂಠಿ ಹೋಗಿಬಿಟ್ಟ. ಮಣ್ಣು ಮಾಡಿದ್ದೂ ಅಲ್ಲಿಯೇ.

ಸೊಸೆ ಪಾರಿಜಾತ, "ಮಗೀಗೆ ಹೇಳ್ಬುಡವಾ ಅತ್ತೆ, ದಿನಾ ಬಾಗ್ಲಲ್ಲೇ ಕೂತ್ಕತಳೆ" ಎಂದಳು. "ಸುಮ್ಕಿರು. ಅರಮನೆ ನೋಡ್ಕಂಡ್ ಬಂದ್ಮೇಲೆ ನಾನೇ ಹೇಳ್ತೀನಿ" ಎಂದು ಗದರಿದೆ. ಮಗುವಿಗೆ ಅನುಮಾನ ಬರದಿರಲೆಂದು ಸೊಸೆಯ ಕೈಬಳೆಯನ್ನೂ ತೆಗೆಯಲು ಬಿಡಲಿಲ್ಲ. "ನಿಮ್ಮಪ್ಪ ನೆಟ್ಟಗೆ ಅರಮನೆ ಬಾಗ್ಲಿಗೇ ಬತ್ತನೆ ಕಣವ್ವ" ಎಂದು ತುಂಗೆಗೆ ನಂಬಿಸಿದೆ. ಅಪ್ಪ ಆಸೆಪಟ್ಟ ಆ ಒಂದು ದಿನವನ್ನಾದರೂ ಮಗು ನಗುನಗುತ್ತಾ ಕಳೆಯಲಿ ಎಂಬುದು ನನ್ನ ಲೆಕ್ಕಾಚಾರ.

ಆ ದಿನ ಬೆಳಿಗ್ಗೆ ತೇಲುಗಾಡಿಯಲ್ಲಿ ಬಂದೆವು. ಅದು ನೆಲ ಮುಟ್ಟದೆ ಓಡುವ ಬಂಡಿ. ಜಗನ್ಮೋಹನ ಅರಮನೆ, ದೊಡ್ಡ ಗಡಿಯಾರ, ಎಲ್ಲವನ್ನೂ ಹೊರಗಿನಿಂದಲೇ ನೋಡಿ ನೆರಳಲ್ಲಿ ಕೂತು ಪುಳಿಯೋಗರೆ ತಿಂದೆವು. ತುಂಗೆ ಅರ್ಧ ಎತ್ತಿಟ್ಟು, "ಅಪ್ಪಂಗೆ" ಎಂದಳು. ಮೂಗಿಗೆ ಕಟ್ಟುವ ಉಸಿರುಜಾಲಿ ಒಬ್ಬೊಬ್ಬರಿಗೆ ಒಂದು ಕೊಟ್ಟಾಗ, ಅಪ್ಪನದನ್ನೂ ಕೇಳಿ ಇಸಿದುಕೊಂಡಳು. ಪಾರಿಜಾತ ಮುಖ ಆ ಕಡೆ ತಿರುಗಿಸಿಕೊಂಡಳು.

ಬಾಗಿಲಲ್ಲಿ ಕಾವಲಿನ ಹೆಂಗಸು, "ನಾಕು ಹೆಸ್ರವೆ, ಮೂರೇ ಜನ ಇದೀರಲ್ಲಮ್ಮ?" ಎಂದಳು. ನಾನು ಅವಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ವಿಷಯ ಹೇಳಿದೆ. ಹಾಗಾದರೆ ಹೆಸರಿಳಿಸಬೇಕು ಎಂದಳು. ಅದು ನನಗೆ ಗೊತ್ತೇ ಇರಲಿಲ್ಲ. ತೊಟ್ಟಿಲಲ್ಲಿ ಮಗುವಿನ ಕಿವಿಗೆ ಮೊದಲು ಹೆಸರು ಹೇಳಿದವರೇ, ಬಾಗಿಲ ಪಕ್ಕದಲ್ಲಿ ಮಾತು ಕೇಳಿಸಿಕೊಳ್ಳುವ ಕಿವಿಗಲ್ಲಿಗೆ ಆ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿ, "ಈಗಿಲ್ಲ" ಎನ್ನಬೇಕಂತೆ. ಕಂಠಿಯ ಕಿವಿಗೆ ಹೇಳಿದವಳು ನಾನೇ. ಇಲ್ಲದಿದ್ದರೆ ಬಾಗಿಲು ತೆರೆಯದು, ಸರದಿ ಮತ್ತೆ ಬಾರದು. ಪಾರಿಜಾತ ನನ್ನ ಸೆರಗು ಹಿಡಿದು, "ವಾಪಸ್ ಹೋಗವಾ ಅತ್ತೆ" ಎಂದಳು. ಕೇಳಬೇಕಿತ್ತು. ಕಂಠಿಯ ಏಳು ವರ್ಷದ ಆಸೆ ಮಣ್ಣುಪಾಲಾಗುತ್ತದಲ್ಲ ಎಂದು ಕೇಳಲಿಲ್ಲ, ಹಾಳು ಹಟ ನನ್ನದು.

"ಕಂಠೀರವ" ಎಂದೆ. ನಾನು ಅಪ್ಪನನ್ನು ಕೂಗುತ್ತಿದ್ದೇನೆಂದುಕೊಂಡು ತುಂಗೆ ನಗುತ್ತಾ ಬೀದಿಯ ಕಡೆ ತಿರುಗಿದಳು. ಎರಡನೆಯ ಸಲಕ್ಕೆ ಕಾಲಬೆರಳ ಮೇಲೆ ನಿಂತು ಜನರ ನಡುವೆ ಹುಡುಕಿದಳು. ಮೂರನೆಯ ಸಲ ಕಲ್ಲನ್ನೇ ನೋಡುತ್ತಾ ಹೇಳಿದೆ. ಈಗಿಲ್ಲ ಎಂದೂ ಹೇಳಿದೆ. ಮಗು ನನ್ನ ಕಡೆ ತಿರುಗಿತು. ಆ ಮುಖವನ್ನು ಬರೆಯಲು ನನ್ನ ಕೈಲಾಗದು.

ಒಳಗೆ ಹೋದೆವು. ಬಣ್ಣದ ಗಾಜಿನ ಛಾವಣಿ, ಕಂಬಗಳು, ಅಂಬಾರಿ ಎಲ್ಲ ಇದ್ದವು. ತುಂಗೆ ತಲೆ ಎತ್ತಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: "ಅಜ್ಜೀ, ನಾನು ದಿನಾ ಕಾಯ್ತಿದ್ನಲ್ಲ, ಆಗ್ಲೂ ನಿಂಗೆ ಗೊತ್ತಿತ್ತಾ?" ಗೊತ್ತಿತ್ತು ಕಣವ್ವ ಎಂದೆ. ಅವತ್ತಿನಿಂದ ಅವಳು ನನ್ನ ಮಗ್ಗುಲಿಗೆ ಬರುವುದಿಲ್ಲ.

ಹಿರಿಯರೇ, ನಿಮ್ಮ ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಗುವಿಗೆ ಹೇಳಬೇಕಾದ ಸಾವನ್ನು ಅವತ್ತೇ, ಮನೆಯಲ್ಲೇ, ತೊಡೆಯ ಮೇಲೆ ಕೂರಿಸಿಕೊಂಡು ಹೇಳಿ. ಅಳಲಿ ಬಿಡಿ, ಜೊತೆಗೆ ನೀವೂ ಅಳಿ. ನಾವು ಮೂವರೂ ಇನ್ನೂ ಒಟ್ಟಿಗೆ ಕೂತು ಅತ್ತಿಲ್ಲ.