ಡುಬ್ಯೂಕಿನಲ್ಲಿ ನೋಡುವಂಥದ್ದು

ಡುಬ್ಯೂಕ್, ಐಯೋವಾ
ಸೆಪ್ಟೆಂಬರ್ 19, ಗುರುವಾರ

ಪ್ರಿಯ ಲೈಲ್,

ಪ್ರಿಯ ಎಂದು ಬರೆದದ್ದಕ್ಕೆ ಅರ್ಥ ಹುಡುಕುತ್ತಾ ಕೂರಬೇಡ. ಪತ್ರ ಶುರುವಾಗುವುದೇ ಹಾಗೆ. ನೀರಿನ ಬಿಲ್ ತಪ್ಪಾಗಿ ಬಂದಾಗ ನಗರಸಭೆಯವರಿಗೂ ನಾನು ಹಾಗೇ ಬರೆದೆ.

ನಿನ್ನ ಕಾರ್ಡು ಬಂದು ವಾರ ಕಳೆಯಿತು. ಮುಂದೆ ಟೆಕ್ಸಾಸಿನ ಕಳ್ಳಿಗಿಡದ ಚಿತ್ರ, ಹಿಂದೆ ನಿನ್ನ ಕೋಳಿಕಾಲಿನ ಅಕ್ಷರ. ಅಕ್ಟೋಬರ್ ಎರಡನೇ ವಾರ ಜೊತೆಯಲ್ಲಿ ಕೆಲಸ ಮಾಡುವ ರೇ ಎಂಬುವವನನ್ನು ಕರೆದುಕೊಂಡು ಬರುತ್ತೀಯಂತೆ. ಗುರುವಾರ ರಾತ್ರಿ ತಲುಪಿ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಇಳಿಯುತ್ತೀರಂತೆ. ಅವನು ಈ ಕಡೆ ಬಂದವನೇ ಅಲ್ಲ, ಮೂರು ದಿನಕ್ಕೆ ಊರಲ್ಲಿ ನೋಡುವಂಥದ್ದು ಏನೇನಿದೆ ಬರೆದು ಕಳಿಸು ಅಂದಿದ್ದೀಯ. ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ, ಹೇಗೂ ಬರುತ್ತಿದ್ದೇನಲ್ಲ, ವಿಚ್ಛೇದನದ ಕಾಗದಗಳಿಗೂ ಸಹಿ ಹಾಕಿ ಮುಗಿಸಿಬಿಡೋಣವೇ ಎಂದು ಕೇಳಿದ್ದೀಯ.

ಇಂಥ ಮಾತನ್ನು ಕಳ್ಳಿಗಿಡದ ಬೆನ್ನಿಗೆ ಬರೆದು ಕಳಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಲಕೋಟೆ ಎಂಬುದೊಂದಿದೆ, ಲೈಲ್. ಅಂಚೆಯವನು ಓದಿದ್ದಾನೆ. ವಾರದಿಂದ ನನ್ನನ್ನು ಕಂಡರೆ ಅತಿಯಾಗಿ ನಗುತ್ತಾನೆ, ಮೊನ್ನೆ ಕಸದ ಡಬ್ಬಿಯನ್ನು ತಾನೇ ರಸ್ತೆಗೆ ಎಳೆದಿಟ್ಟು ಹೋದ.

ಇರಲಿ. ಊರು ತೋರಿಸುವ ಬಸ್ಸು ಓಡಿಸುವವಳನ್ನು ಊರಿನ ಬಗ್ಗೆ ಕೇಳಿದ್ದೀಯ. ಮೊದಲು ಅದನ್ನು ಮುಗಿಸುತ್ತೇನೆ.

ಶುಕ್ರವಾರ ಬೆಳಿಗ್ಗೆ ಮೊದಲು ಬೆಟ್ಟದ ರೈಲಿಗೆ ಕರೆದುಕೊಂಡು ಹೋಗು. ಐಯೋವಾ ಎಂದರೆ ತಟ್ಟೆಯಂತೆ ಚಪ್ಪಟೆ ಎಂದು ರೇ ತಿಳಿದಿರುತ್ತಾನೆ, ಹೊರಗಿನವರೆಲ್ಲ ಹಾಗೇ ತಿಳಿದಿರುತ್ತಾರೆ. ನಾಲ್ಕನೇ ಬೀದಿಯ ಕೊನೆಗೆ ನಿಲ್ಲಿಸಿ ತಲೆಯೆತ್ತಿ ನೋಡು ಅನ್ನು, ಸಾಕು. ಒಂದು ಡಬ್ಬಿ ಇಳಿಯುವ ಭಾರಕ್ಕೆ ಇನ್ನೊಂದು ಏರುವುದು ಅವನಿಗೆ ಹಿಡಿಸಬಹುದು, ನಿಮ್ಮದೂ ಯಂತ್ರದ ಕೆಲಸವಲ್ಲವೇ. ಮಧ್ಯಾಹ್ನದ ನಿದ್ದೆಗೆ ಮನೆಗೆ ಹೋಗಲು ಬೆಟ್ಟ ಸುತ್ತಬೇಕಲ್ಲ ಎಂದು ಬೇಸತ್ತ ಬ್ಯಾಂಕಿನವನೊಬ್ಬ ಕಟ್ಟಿಸಿದ್ದು ಎಂದು ನಾನು ಮೈಕಿನಲ್ಲಿ ಹೇಳಿದಾಗ ಹೆಂಗಸರು ನಗುತ್ತಾರೆ, ಗಂಡಸರು ಅದರಲ್ಲಿ ನಗುವುದೇನಿದೆ ಎಂಬಂತೆ ತಲೆಯಾಡಿಸುತ್ತಾರೆ. ಮೇಲಿಂದ ಮೂರು ರಾಜ್ಯ ಕಾಣುತ್ತದೆ. ಅಕ್ಟೋಬರಿನಲ್ಲಿ ಮೂರೂ ಕೆಂಪಾಗಿರುತ್ತವೆ.

ಅಲ್ಲಿಂದ ಇಳಿದು ನದಿಯ ಮ್ಯೂಸಿಯಂ. ಅದಕ್ಕೆ ಬೆಳಗಿನ ಹೊತ್ತೆಲ್ಲ ಬೇಕು. ದೊಡ್ಡ ತೊಟ್ಟಿಯಲ್ಲಿ ಮೀಸೆಯ ಮೀನುಗಳಿವೆ, ಅದರಲ್ಲೊಂದು ನಿಮ್ಮ ಚಿಕ್ಕಪ್ಪ ವಿಲ್ಬರ್ಟ್ ಥರವೇ ಇದೆ ಎಂದು ನಾನು ಈಗಲೂ ಹೇಳುತ್ತೇನೆ. ಮಧ್ಯಾಹ್ನಕ್ಕೆ ಟರ್ಕಿ ಮಾಂಸವನ್ನು ಬ್ರೆಡ್ಡಿನ ಪಲ್ಯದ ಜೊತೆ ಕಲಸಿ ಬನ್ನಿನೊಳಗೆ ತುಂಬಿ ಕೊಡುತ್ತಾರಲ್ಲ, ಅದನ್ನು ತಿನ್ನಿಸು. ಈ ಊರು ಬಿಟ್ಟರೆ ಅದು ಬೇರೆಲ್ಲೂ ಸರಿಯಾಗಿ ಸಿಗುವುದಿಲ್ಲ. ನೀನಿರುವ ಅಮರಿಲೋದಲ್ಲಿ ಹುಡುಕಿ ಸೋತಿರುತ್ತೀಯ ಎಂದು ನನ್ನ ಊಹೆ.

ಊಟವಾದ ಮೇಲೆ ನೇರ ಅಣೆಕಟ್ಟಿಗೆ. ಸರಕು ದೋಣಿಗಳು ಬಾಗಿಲಿರುವ ನೀರಿನ ಕೋಣೆಯೊಳಗೆ ಏರಿಳಿದು ದಾಟುವುದನ್ನು ನೋಡಬೇಕು. ಹದಿನೈದು ದೋಣಿಗಳನ್ನು ಒಟ್ಟಿಗೆ ಕಟ್ಟಿಕೊಂಡು ಬಂದರೆ ಒಂದೇ ಸಲಕ್ಕೆ ಹಿಡಿಸುವುದಿಲ್ಲ, ಬಿಚ್ಚಿ ಅರ್ಧ, ಆಮೇಲೆ ಉಳಿದರ್ಧ. ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ. ಅರ್ಧಕ್ಕೆ ಎದ್ದು ಬಂದರೆ ನೋಡಿದಂತಾಗುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ವಕೀಲರ ಕಚೇರಿ ಮುಚ್ಚಿರುತ್ತದೆ. ಶುಕ್ರವಾರ ಊಟದ ಹೊತ್ತಿಗೇ ಬಾಗಿಲು ಹಾಕಿ ಮೀನು ಹಿಡಿಯಲು ಹೋಗುತ್ತಾರಂತೆ. ನಾನೇನು ಮಾಡಲಿ.

ಸಂಜೆ ಚರ್ಚಿನ ಸಭಾಂಗಣದಲ್ಲಿ ಶುಕ್ರವಾರದ ಕರಿದ ಮೀನಿನೂಟ ಇದ್ದೇ ಇದೆ. ಬೇಗ ಹೋಗಿ, ತಡವಾದರೆ ಎಲೆಕೋಸಿನ ಕೋಸಂಬರಿ ಖಾಲಿಯಾಗಿ ಹುರುಳಿಕಾಯಿ ಬಡಿಸುತ್ತಾರೆ. ನಿನ್ನ ತಂಗಿ ಆರ್ಲೀನ್ ಈಗ ಅಲ್ಲಿ ಬಾಣಲೆಯ ಹತ್ತಿರ ನಿಲ್ಲುವುದಿಲ್ಲ, ಮೊಣಕಾಲು ನೋವು, ಟಿಕೆಟ್ ಹರಿಯಲು ಕೂರುತ್ತಾಳೆ. ಅವಳ ಕೈಯಿಂದ ಟಿಕೆಟ್ ತೆಗೆದುಕೊಂಡು ಊರ ಸುದ್ದಿ ಕೇಳದೆ ಒಳಗೆ ಹೋದವರು ಯಾರೂ ಇಲ್ಲ. ಬಾಗಿಲ ಹೊರಗೆ ಸಾಲು ನಿಲ್ಲುವುದು ಅದಕ್ಕೇ, ಮೀನಿಗಲ್ಲ.

ಶನಿವಾರ ನದಿಯಾಚೆ ಹೋಗಿ. ಸೇಬಿನ ತೋಟದಲ್ಲಿ ಬುಟ್ಟಿ ಹಿಡಿದು ನೀವೇ ಕೀಳಬಹುದು. ಅದರ ಪಕ್ಕದಲ್ಲಿ ಮೆಕ್ಕೆಜೋಳದ ಹೊಲದೊಳಗೆ ದಾರಿ ತಪ್ಪಿಸುವ ಆಟ ಮಾಡಿದ್ದಾರೆ. ಹೋದ ವರ್ಷ ನನ್ನ ಬಸ್ಸಿನ ಮುದುಕ ಮುದುಕಿ ಇಬ್ಬರು ಒಳಗೆ ಹೋಗಿ ಸಂಜೆಯವರೆಗೆ ಸಿಗಲಿಲ್ಲ. ಸಿಕ್ಕಾಗ ನೆಲದ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ನಾನು ಕೂಗಾಡಿದ್ದಕ್ಕೆ ಆ ಅಜ್ಜಿ, "ಯಾಕಮ್ಮ ಕೂಗ್ತೀಯ, ಇಷ್ಟು ಹೊತ್ತು ಇವ್ರು ಒಂದೇ ಕಡೆ ನನ್ ಜೊತೆ ಕೂತಿದ್ದು ಮದುವೆ ಆದ್ಮೇಲೆ ಇದೇ ಮೊದ್ಲು" ಅಂದಳು. ಮೈಕಿನಲ್ಲಿ ಹೇಳಲು ಚೆನ್ನಾಗಿರುತ್ತದೆ ಅಂದುಕೊಂಡೆ, ಆದರೆ ಯಾಕೋ ಇನ್ನೂ ಹೇಳಿಲ್ಲ.

ರಾತ್ರಿ ಊಟಕ್ಕೆ ವಿಸ್ಕಾನ್ಸಿನ್ ಗಡಿಯ ಆ ಹಳೇ ಜಾಗ. ಹೆಸರು ಬರೆಯಬೇಕಿಲ್ಲ, ನಿನಗೆ ಗೊತ್ತು. ಮೇಜು ಸಿಗಲಿಲ್ಲವೆಂದು ರೇ ಸಿಟ್ಟಾಗದಿರಲಿ, ಅಲ್ಲಿ ಬ್ರಾಂದಿ ಹಿಡಿದು ಕಾಯುವುದೇ ಅರ್ಧ ಊಟ. ಮೂಲಂಗಿ, ಸೆಲರಿ, ಉಪ್ಪಿನಕಾಯಿಯ ತಟ್ಟೆ ಈಗಲೂ ಮೊದಲು ಬರುತ್ತದೆ. ಕಿಟಕಿಯ ಪಕ್ಕದ ಮೇಜು ಕೇಳಬೇಡ. ಅದು ನಮ್ಮದಾಗಿತ್ತು, ಅಲ್ಲಿ ನೀನು ರೇ ಜೊತೆ ಕೂತಿರುವುದು ನನಗೆ ಇಷ್ಟವಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲೇ ಪ್ಯಾನ್‌ಕೇಕು, ಸಾಸೇಜು. ಆಮೇಲೆ ಹಳೇ ಸೀಸದ ಗಣಿಯ ಕಾಡಿನಲ್ಲಿ ನಡೆದಾಡಿ. ಬಂಡೆಯ ತುದಿಯ ಸ್ಮಾರಕದವರೆಗೆ ಹೋಗಿ ಬಂದರೆ ಹಸಿವು ಚೆನ್ನಾಗಿರುತ್ತದೆ, ಏಕೆಂದರೆ ಮಧ್ಯಾಹ್ನ ಆರ್ಲೀನ್ ನಿಮ್ಮಿಬ್ಬರನ್ನೂ ಕರೆಯುತ್ತಾಳೆ, ಸೇಬಿನ ಪೈ ಮಾಡುತ್ತಾಳೆ.

ಹೋಗುವ ಮೊದಲು ರೇಗೆ ನಮ್ಮ ಪದ್ಧತಿ ಕಲಿಸು. ಪೈ ಬೇಕಾ ಅಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಹೊಟ್ಟೆ ತುಂಬಿದೆ ಅನ್ನಬೇಕು. ಮೂರನೇ ಸಲ ಕೇಳಿದಾಗ, ಇಷ್ಟು ಹೇಳುತ್ತಿದ್ದೀರಲ್ಲ ಎಂದು ತಟ್ಟೆ ಮುಂದೆ ಮಾಡಬೇಕು. ಮೂರನೆಯದಕ್ಕೂ ಬೇಡ ಅಂದರೆ ಮನೆಯವರ ಮುಖಕ್ಕೆ ಹೊಡೆದಂತೆ, ಹಾಗೆ ಯಾರೂ ಮಾಡುವುದಿಲ್ಲ. ಹೋದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದವನೊಬ್ಬ ಮೊದಲ ಸಲಕ್ಕೇ ಹ್ಞೂಂ ಕೊಡಿ ಅಂದುಬಿಟ್ಟ. "ಪಾಪ, ಉಂಡು ಎಷ್ಟು ದಿನ ಆಗಿತ್ತೋ" ಎಂದು ಆರ್ಲೀನ್ ಇನ್ನೂ ಹೇಳುತ್ತಾಳೆ.

ಸೋಮವಾರ ಸರ್ಕಾರಿ ರಜೆ. ವಕೀಲರು ಅಂದೂ ಇರುವುದಿಲ್ಲ. ನೀವು ಬೆಳಿಗ್ಗೆಯೇ ಹೊರಡುತ್ತೀರಲ್ಲ.

ಇನ್ನು ನನ್ನ ವಿಷಯ. ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ನಾನು ಚೆನ್ನಾಗಿದ್ದೇನೆ. ಒಲೆ ಹೊಸದು ತಂದೆ. ನಿನ್ನ ಗರಾಜನ್ನು ಹಾಗೇ ಬಿಟ್ಟಿದ್ದೇನೆ, ಹಿಮ ಬಿದ್ದಾಗ ಕಾರು ಹೊರಗೇ ನಿಲ್ಲುತ್ತದೆ, ಅದಕ್ಕೆ ಬೈದುಕೊಳ್ಳುತ್ತೇನೆ. ಬಸ್ಸಿನ ಕೆಲಸ ಹಿತವಾಗಿದೆ. ಹೋದ ವಾರ ಕಾನ್ಸಾಸಿನ ಹೆಂಗಸೊಬ್ಬಳು, "ನೀವು ಹುಟ್ಟಿದಾಗಿಂದ ಇಲ್ಲೇನಾ? ಬೇಜಾರಾಗಲ್ವಾ?" ಎಂದು ಕೇಳಿದಳು. "ದಿನಾ ಹೊಸಬರ ಕಣ್ಣಲ್ಲಿ ನೋಡ್ತೀನಲ್ಲ, ಬೇಜಾರಾಗೋಕೆ ಪುರುಸೊತ್ತೆಲ್ಲಿ" ಅಂದೆ. ಎಲ್ಲರೂ ನಕ್ಕರು. ಬಸ್ಸು ನಮ್ಮ ಬೀದಿಯ ತಿರುವಿನಲ್ಲೂ ಹೋಗುತ್ತದೆ. ಆ ತಿರುವಿನಲ್ಲಿ ನಾನು ಮೈಕು ಕೆಳಗಿಡುತ್ತೇನೆ.

ಅಂಚಿನಲ್ಲಿ ಅಡ್ಡಡ್ಡ ಬರೆದದ್ದಕ್ಕೆ ಈಗ ಬರುತ್ತೇನೆ. ಸಿಟ್ಟಿದೆ, ಹೇಳಿಯೇ ತೀರುತ್ತೇನೆ.

ಟ್ರ್ಯಾಕ್ಟರ್ ಕಾರ್ಖಾನೆ ನಿಮ್ಮ ಪಾಳಿ ನಿಲ್ಲಿಸಿದಾಗ, ಗಾಳಿಯಂತ್ರದ ಕೆಲಸ ಟೆಕ್ಸಾಸಿನಲ್ಲಿ ಸಿಕ್ಕಾಗ, ನಾನು ತಡೆಯಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ. ನೀನು ಹಿಂದೆ ನಿಂತು, "ನೀನೂ ಬರ್ತೀಯಾ, ಮಾರ್ಲಿಸ್?" ಅಂದೆ. "ನಾನ್ಯಾಕೆ ಅಲ್ಲಿಗೆಲ್ಲ, ಸುಮ್ನೆ ನಿಂಗೆ ತೊಂದ್ರೆ" ಅಂದೆ ನಾನು. ಅದು ಒಂದು ಸಲ. ಹೊರಡುವ ದಿನ ಟ್ರಕ್ಕಿಗೆ ಸಾಮಾನು ತುಂಬಿ ಆದ ಮೇಲೆ, "ನಿಜವಾಗ್ಲೂ ಬರಲ್ವಾ?" ಅಂದೆ ನೀನು. "ಇಲ್ಲ ಬಿಡು, ನೀನು ಹೋಗ್ಬಾ" ಅಂದೆ ನಾನು. ಅದು ಎರಡನೆಯದು. ಆಮೇಲೆ ಕಾಯುತ್ತಾ ನಿಂತೆ. ನೀನು ಟೈರು ಒದ್ದು ನೋಡಿದೆ. ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದೆ. ಅಂಗಳದಲ್ಲಿ ಗಾಳಿ ಹೊಡೆಯುತ್ತಿತ್ತು, ನನ್ನ ಕೈ ಮರಗಟ್ಟಿತ್ತು. "ಸರಿ ಹಾಗಾದ್ರೆ" ಎಂದು ನೀನು ಟ್ರಕ್ಕು ಹತ್ತಿ ಹೊರಟುಬಿಟ್ಟೆ.

ಪಕ್ಕದ ಮನೆಯಿಂದ ಎದ್ದು ಬರಬೇಕಾದರೂ ಬಾಗಿಲಲ್ಲಿ ಒಂದು ಗಂಟೆ ನಿಂತು ಮಾತಾಡುವವನು ನೀನು. ಹವಾಮಾನ ಮಾತಾಡಿ, ಅವರ ಛಾವಣಿಯ ಸೋರಿಕೆ ಮಾತಾಡಿ, ಕಾರಿನಲ್ಲಿ ಕೂತು ಗಾಜು ಇಳಿಸಿ ಮತ್ತೆ ಮಾತಾಡುವವನು. ಹೆಂಡತಿಯನ್ನು ಬಿಟ್ಟು ಹೋಗುವಾಗ ಮಾತ್ರ ನಿನಗೆ ಎಲ್ಲಿಲ್ಲದ ಅವಸರ. ಈ ಊರಲ್ಲೇ ಹುಟ್ಟಿ ಬೆಳೆದವನು, ಎರಡು ಬೇಡಕ್ಕೆ ಅರ್ಥವೇನೆಂದು ಗೊತ್ತಿಲ್ಲದವನಲ್ಲ. ಒಂದು ತುಂಡು ಪೈಗೆ ಮೂರು ಸಲ ಕೇಳುವವನು ನನ್ನನ್ನು ಎರಡೇ ಸಲ ಕೇಳಿದೆ. ನಾನು ಒಂದು ತುಂಡು ಪೈಗಿಂತ ಕಡಿಮೆ ಎಂದು ಮೂರು ವರ್ಷ ಅಂದುಕೊಂಡಿದ್ದೇನೆ.

ಆಮೇಲೆ ಫೋನಿನಲ್ಲಿ ಅಲ್ಲಿ ಗಾಳಿ ಹೇಗಿದೆ, ಇಲ್ಲಿ ಹಿಮ ಎಷ್ಟು ಬಿತ್ತು ಎಂಬುದೇ ಮಾತು. ಕ್ರಮೇಣ ಫೋನು ಹೋಗಿ ಕ್ರಿಸ್ಮಸ್ ಕಾರ್ಡು ಬಂತು. ಈಗ ಕಳ್ಳಿಗಿಡ ಬಂದಿದೆ.

ನಾನು ಆ ವಾರಾಂತ್ಯ ಬಸ್ಸಿನಲ್ಲಿರುತ್ತೇನೆ, ಎಲೆ ಕೆಂಪಾಗುವ ಕಾಲ, ಜನ ಜಾಸ್ತಿ. ನಿಮ್ಮನ್ನು ನೋಡಲು ಆಗುತ್ತದೋ ಇಲ್ಲವೋ ಹೇಳಲಾರೆ. ರೇಗೆ ದಪ್ಪ ಅಂಗಿ ತರಲು ಹೇಳು, ನದಿಯ ಹತ್ತಿರ ಸಂಜೆ ಚಳಿ. ಟ್ರಕ್ಕಿನ ಬ್ರೇಕು ತೋರಿಸಿಕೊಂಡು ಹೊರಡು.

ಇತಿ,
ಮಾರ್ಲಿಸ್

ಮರೆತದ್ದು: ಪತ್ರವನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ಬೇಕೆಂದೇ ಬರೆಯದೆ ಬಿಟ್ಟದ್ದೊಂದಿದೆ. ಕಾರ್ಡು ಬಂದ ಮೇಲಿನ ಶುಕ್ರವಾರ ಮೀನಿನೂಟದಲ್ಲಿ ಅದನ್ನು ಆರ್ಲೀನಳಿಗೆ ತೋರಿಸಿದೆ. ಅವಳು ಟಿಕೆಟ್ ಹರಿಯುವುದನ್ನು ನಿಲ್ಲಿಸಿಬಿಟ್ಟಳು, ಹಿಂದೆ ಸಾಲಿನವರು ಗೊಣಗಿದರೂ ಕೇಳಲಿಲ್ಲ. "ಅವ್ನು ಮೂರನೇ ಸಲ ಯಾಕೆ ಕೇಳ್ಲಿಲ್ಲ ಗೊತ್ತಾ ನಿಂಗೆ?" ಅಂದಳು. "ಯಾಕಂತೆ" ಅಂದೆ. "ಕೇಳಿದ್ರೆ ನೀನು ಹ್ಞೂಂ ಅನ್ಲೇಬೇಕಾಗಿತ್ತಲ್ಲೇ. 'ಅವ್ಳಿಗೆ ಈ ಊರಂದ್ರೆ ಪ್ರಾಣ, ಮರ್ಯಾದೆಗೆ ಒಪ್ಕೊಂಡು ಬಂದು ಆ ಬಯಲಲ್ಲಿ ಕೊರಗ್ತಾಳೆ, ನಾನು ಅವ್ಳನ್ನ ಹಂಗೆ ಸಿಕ್ಕಿಸಲ್ಲ' ಅಂತ ಅವತ್ತು ದಾರೀಲಿ ನಮ್ಮನೆ ಮುಂದೆ ಟ್ರಕ್ ನಿಲ್ಸಿ ಅತ್ಕೊಂಡು ಹೋದ. ನಿಂಗೆ ಹೇಳ್ಬೇಡ ಅಂದಿದ್ದ." ಮೂರು ವರ್ಷ ಊರಿನ ಸುದ್ದಿಯೆಲ್ಲ ಹೇಳಿದವಳು ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವಳ ಮೇಲೂ ಸಿಟ್ಟಿದೆ.

ಅವತ್ತು ಬಾಗಿಲ ಹಿಂದೆ ನನ್ನ ಪೆಟ್ಟಿಗೆ ಇತ್ತು, ಲೈಲ್. ಕೆಲಸ ಬಿಡುತ್ತೇನೆಂದು ಬಸ್ಸಿನ ಮಾಲೀಕರಿಗೂ ಹೇಳಿಯಾಗಿತ್ತು. ಪ್ರಯಾಣದ ಬೂಟು ಹಾಕಿಕೊಂಡೇ ಅಂಗಳದಲ್ಲಿ ನಿಂತಿದ್ದೆ, ನೀನು ನನ್ನ ಕಾಲಿನ ಕಡೆ ನೋಡಲಿಲ್ಲ.

ವಕೀಲರು ಶುಕ್ರವಾರ ಸಂಜೆಯವರೆಗೂ ಕಚೇರಿಯಲ್ಲೇ ಇರುತ್ತಾರೆ. ಅವರಿಗೆ ಮೀನು ಹಿಡಿಯಲು ಬರುವುದೇ ಇಲ್ಲ. ಸಹಿ ಹಾಕೋಣವೇ ಎಂದು ಕೇಳಿದ್ದೀಯ. ಬೇಡ. ಈ ಬೇಡ ಮರ್ಯಾದೆಗೆ ಹೇಳಿದ್ದಲ್ಲ. ಇನ್ನೆರಡು ಸಲ ಕೇಳಬೇಡ.