ಸಾವಿಗೆ ಹತ್ತೊಂಬತ್ತನೇ ತಾರೀಖು ಗೊತ್ತಿರಲಿಲ್ಲ

ನಮ್ಮ ಜಿಲ್ಲೆಯ ವಲಸೆ ಕಚೇರಿಯ ಮುಖ್ಯಾಧಿಕಾರಿಗಳೇ,

ಸಾಯುತ್ತಿದ್ದ ಅಕ್ಕನ ಹಾಸಿಗೆಯ ಪಕ್ಕದಿಂದ ಒಬ್ಬ ಮನುಷ್ಯ ಎದ್ದು ಬಂದು ನಿಮ್ಮ ಮೂರನೇ ಕೌಂಟರಿನ ಮುಂದೆ ನಿಲ್ಲಬೇಕಾಯಿತು. ಬಂದರು, ನಿಂತರು, ನಿಮ್ಮ ಮುದ್ರೆ ಬಿತ್ತು. ಅದೇ ಹೊತ್ತಿನಲ್ಲಿ ಅಲ್ಲಿ ಅಕ್ಕ ತೀರಿಕೊಂಡರು. ಇದರಲ್ಲಿ ಯಾರೂ ಯಾವ ನಿಯಮವನ್ನೂ ಮುರಿದಿಲ್ಲ. ನನ್ನ ದೂರೇ ಅದು.

ನಾನು ಪ್ರಾನೋಮ್. ವಯಸ್ಸು ಅರವತ್ತಮೂರು, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ವಿಲ್‌ಫ್ರೀಡ್ ಜರ್ಮನಿಯವರು, ಎಪ್ಪತ್ತನಾಲ್ಕು ವರ್ಷ, ಅಲ್ಲಿ ಟ್ರಾಮ್ ಓಡಿಸುತ್ತಿದ್ದವರು. ಹನ್ನೊಂದು ವರ್ಷದಿಂದ ಮೆಕಾಂಗ್ ನದಿಯ ದಂಡೆಯ ನಮ್ಮ ಊರಿನಲ್ಲಿ, ನನ್ನ ಮನೆಯಲ್ಲಿ ಇದ್ದಾರೆ. ನಾವು ಮದುವೆಯಾಗಿಲ್ಲ. ಇಬ್ಬರಿಗೂ ಒಂದೊಂದು ಮದುವೆ ಆಗಿಯೇ ಸಾಕಾಗಿತ್ತು. ಹಾಗಾಗಿ ಅವರು ಇಲ್ಲಿರುವುದು ನಿವೃತ್ತರಿಗೆಂದು ನೀವು ಕೊಡುವ ವೀಸಾದ ಮೇಲೆ. ಪ್ರತಿ ಫೆಬ್ರವರಿ ಹತ್ತೊಂಬತ್ತರೊಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಮ್ಮ ಕಚೇರಿಗೆ ಬರುತ್ತಾರೆ, ಇನ್ನೊಂದು ವರ್ಷ ಬದುಕಲು ಅಪ್ಪಣೆ ಕೇಳಿ ಪಡೆದುಕೊಂಡು ಹೋಗುತ್ತಾರೆ. ಒಂದು ಸಲವೂ ತಡ ಮಾಡಿದವರಲ್ಲ.

ಈ ವರ್ಷ ಜನವರಿ ಏಳರಂದು ಅವರ ಅಕ್ಕ ಹನೆಲೋರೆ ಆಸ್ಪತ್ರೆ ಸೇರಿದ ಸುದ್ದಿ ಬಂತು. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ. ಅವರಿಗೂ ಬೇರೆ ಯಾರೂ ಇಲ್ಲ. ಹೋಗಲೇಬೇಕಿತ್ತು. ಆದರೆ ಯಾವಾಗ ವಾಪಸು ಬರುತ್ತಾರೋ ಯಾರು ಬಲ್ಲರು? ಆದ್ದರಿಂದ ಒಂಬತ್ತರಂದೇ ನಿಮ್ಮ ಕಚೇರಿಗೆ ಬಂದು, ಈಗಲೇ ಮುಂದಿನ ವರ್ಷದ ಅರ್ಜಿ ತೆಗೆದುಕೊಳ್ಳಿ ಎಂದು ಕೇಳಿದೆವು.

“ವೀಸಾ ಮುಗಿಯೋಕೆ ಮೂವತ್ತೇ ದಿನ ಇರೋವಾಗ ಕೊಡ್ಬೇಕು ದೊಡ್ಡಮ್ಮ. ನೀವು ಹನ್ನೊಂದು ದಿನ ಬೇಗ ಬಂದ್ಬಿಟ್ಟಿದೀರಾ” ಎಂದರು ನಿಮ್ಮ ಅಧಿಕಾರಿ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೃದು.

ಸರ್ಕಾರಿ ಕಚೇರಿಗೆ ಬೇಗ ಬಂದದ್ದು ತಪ್ಪಾಗುವ ದಿನವೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ವಿಲ್‌ಫ್ರೀಡ್ ಹೊರಗೆ ಹೋಗಿ ಮರಳಲು ಬೇಕಾದ ಪರವಾನಗಿ ಪಡೆದು, ಫೆಬ್ರವರಿ ಎಂಟಕ್ಕೆ ವಾಪಸಿನ ಟಿಕೆಟ್ ಮಾಡಿಸಿ ಹೊರಟರು.

ಎಂಟು ಬಂತು. “ಇನ್ನೆರಡು ದಿನ ಅಂತಾರೆ ಡಾಕ್ಟ್ರು. ದಿನಾ ಹಾಗೇ ಅಂತಾರೆ” ಎಂದರು ಫೋನಿನಲ್ಲಿ. ಟಿಕೆಟ್ ಮುಂದೆ ಹಾಕಿಸಿದರು. ನಾನು ಆಸ್ಪತ್ರೆಯ ಪತ್ರವನ್ನು ನಮ್ಮ ಭಾಷೆಗೆ ಮಾಡಿಸಿಕೊಂಡು ಮತ್ತೆ ನಿಮ್ಮ ಕಚೇರಿಗೆ ಬಂದೆ.

“ಅರ್ಜಿದಾರರು ಖುದ್ದಾಗಿ ಬರ್ಬೇಕು. ನೀವು ಅವ್ರಿಗೆ ಏನಾಗ್ಬೇಕು?”

“ಹನ್ನೊಂದು ವರ್ಷದಿಂದ ಒಂದೇ ಮನೇಲಿದೀವಿ.”

“ಅದಲ್ಲ ದೊಡ್ಡಮ್ಮ, ಕಾಗದದಲ್ಲಿ ಏನಾಗ್ಬೇಕು?”

ಕಾಗದದಲ್ಲಿ ಏನೂ ಆಗಬೇಕಿರಲಿಲ್ಲ. ಹೋಗಲಿ, ಹದಿನೈದು ದಿನ ಸಮಯವಾದರೂ ಕೊಡಿ ಎಂದೆ. ಆಕೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ನನ್ನ ಮುಖ ನೋಡದೆ ಹೇಳಿದರು: “ಹದಿನೈದು ದಿನದಲ್ಲಿ ಮುಗಿಯುತ್ತೆ ಅಂತ ಏನು ಗ್ಯಾರಂಟಿ, ಅಂತ ಕೇಳ್ತಿದಾರೆ.”

ಒಳಗಿನವರು ನೀವೇ ಇರಬಹುದು, ಅಲ್ಲದೆಯೂ ಇರಬಹುದು. ಯಾರೇ ಆಗಲಿ, ಸಾಯುವವರಿಂದ ಗ್ಯಾರಂಟಿ ಕೇಳಿದ ಮೊದಲ ಮನುಷ್ಯ ಅವರೇ ಇರಬೇಕು. ಅಲ್ಲಿನ ನಮ್ಮ ರಾಯಭಾರ ಕಚೇರಿಯವರು ವಿಲ್‌ಫ್ರೀಡ್‌ಗೆ, “ಅನುಮತಿ ಕೊಟ್ಟ ಊರಲ್ಲೇ ಕೇಳಿ” ಎಂದರು. ನಿಮ್ಮವರು ನನಗೆ, “ದೇಶದ ಹೊರಗಿದ್ರೆ ರಾಯಭಾರ ಕಚೇರೀನ ಕೇಳಿ” ಎಂದರು. ಅವಧಿ ಮೀರಿದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು, ಸಿಕ್ಕೇ ಸಿಗುತ್ತದೆ ಎನ್ನಲಾಗದು ಎಂದೂ ತಿಳಿಸಿದರು.

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಎಪ್ಪತ್ತನಾಲ್ಕರ, ಹೃದಯದ ಕಾಯಿಲೆಯ ಮನುಷ್ಯನಿಗೆ ಹೊಸದಾಗಿ ವೀಸಾ ಕೊಡದಿದ್ದರೆ? ಮಾರನೆಯ ದಿನ ನಾನೇ ಫೋನ್ ಮಾಡಿ, “ಬಂದ್ಬಿಡಿ, ಮುದ್ರೆ ಹಾಕಿಸ್ಕೊಂಡು ಮತ್ತೆ ಹೋಗೋರಂತೆ” ಎಂದೆ. ಅವರು “ಸರಿ” ಎಂದರು. ನಿಮ್ಮ ನಿಯಮವನ್ನು ಅಷ್ಟು ದೂರ ಮುಟ್ಟಿಸಿದ ಬಾಯಿ ನನ್ನದು. ಅದನ್ನು ಮುಚ್ಚಿಟ್ಟು ನಿಮ್ಮೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಹದಿನೆಂಟರ ಸಂಜೆ ಬಂದಿಳಿದರು. ಹತ್ತೊಂಬತ್ತರ ಬೆಳಿಗ್ಗೆ ನಿಮ್ಮ ಕಚೇರಿಯಲ್ಲಿ ಕೂತೆವು. ಗೋಡೆಯ ಮೇಲೆ ಮೊಬೈಲ್ ಆಫ್ ಮಾಡಿ ಎಂಬ ಫಲಕವಿತ್ತು, ಆಫ್ ಮಾಡಿದರು. ಹನ್ನೊಂದು ಗಂಟೆಗೆ ಮುದ್ರೆ ಬಿತ್ತು. ಆ ಹೆಣ್ಣುಮಗಳು ನಿಜವಾಗಿ ಸಂತೋಷಪಟ್ಟು, “ನೋಡಿ ತಾತ, ಆಯ್ತಲ್ಲ! ಇನ್ನೊಂದು ವರ್ಷ ಆರಾಮು” ಎಂದರು. ಹೊರಗೆ ಬಂದು ಮೊಬೈಲ್ ಹಚ್ಚಿದರೆ ಆಸ್ಪತ್ರೆಯಿಂದ ನಾಲ್ಕು ಕರೆ ಬಂದಿದ್ದವು. ಅಲ್ಲಿ ಆಗ ಬೆಳಗಿನ ಜಾವ ಐದು ಗಂಟೆ.

ಅವರು ಅಳಲಿಲ್ಲ. ನಾಲ್ಕು ದಿನ ಬಿಟ್ಟು, ನಾನು ಸೊಪ್ಪು ಬಿಡಿಸುತ್ತ ಕೂತಿದ್ದಾಗ ಬಳಿ ಬಂದು ಹೇಳಿದರು: “ಹೊರಡೋವಾಗ ನಾನು ಅವಳಿಗೆ ನಿಜ ಹೇಳ್ಲಿಲ್ಲ ಪ್ರಾನೋಮ್. ಕಾಫಿ ಕುಡ್ಕೊಂಡು ಬರ್ತೀನಿ ಅಂದೆ. ನಂಗೂ ಒಂದು ತಗೊಂಬಾ, ಸಕ್ಕರೆ ಜಾಸ್ತಿ ಹಾಕ್ಸು ಅಂದ್ಲು.”

ನಿಯಮ ಎಲ್ಲರಿಗೂ ಒಂದೇ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಮೋಸಗಾರರನ್ನು ತಡೆಯಲು ನಿಯಮ ಬೇಕು. ಆದರೆ ವರ್ಷವರ್ಷವೂ ನಿಮ್ಮೆದುರು ಬಂದು ನಿಂತವರ ಮುಖ ನಿಮಗೆ ಗೊತ್ತಿಲ್ಲವೇ? ಆಸ್ಪತ್ರೆಯ ಮೊಹರಿಗಿಂತ ವಿಮಾನದ ಟಿಕೆಟ್ಟೇ ಹೆಚ್ಚು ನಂಬಿಕೆಯ ಕಾಗದವೇ? ನಿವೃತ್ತರಿಗೆಂದೇ ವೀಸಾ ಮಾಡಿದ ಮಹನೀಯರಿಗೆ, ನಿವೃತ್ತರ ಅಕ್ಕ-ಅಣ್ಣಂದಿರು ಇನ್ನೂ ಮುದುಕರಾಗಿರುತ್ತಾರೆಂದು ಹೊಳೆಯಲಿಲ್ಲವೇ?

ಮಾರ್ಚ್ ಹದಿನಾಲ್ಕರಂದು ಅಲ್ಲಿ ಅಸ್ಥಿ ಮಣ್ಣು ಮಾಡಿದರು. ಹೋಗಿಬರಲು ಆಗ ಎಲ್ಲ ಕಾಗದವೂ ಸರಿಯಾಗಿತ್ತು. ಹೋಗಿ ಎಂದು ಎಷ್ಟು ಹೇಳಿದರೂ ವಿಲ್‌ಫ್ರೀಡ್ ಹೋಗಲಿಲ್ಲ. “ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದರು. ಆ ದಿನವಿಡೀ ನದಿಯ ಕಡೆಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಾಸ್‌ಪೋರ್ಟು ನನ್ನ ಬೀರುವಿನಲ್ಲಿತ್ತು.

ಆದ್ದರಿಂದ ನಾನು ಕೇಳುವುದು ಇಷ್ಟೇ. ಹತ್ತಿರದವರ ಕೊನೆಗಾಲಕ್ಕೋ ಸ್ವಂತ ಕಾಯಿಲೆಗೋ ಹೊರದೇಶದಲ್ಲಿ ಸಿಕ್ಕಿಬಿದ್ದವರ ಅರ್ಜಿಯನ್ನು, ಆಸ್ಪತ್ರೆಯ ಪತ್ರ ನೋಡಿ, ಅಲ್ಲಿಂದಲೇ ತೆಗೆದುಕೊಳ್ಳಿ. ಅದಾಗದಿದ್ದರೆ ಮೂವತ್ತು ದಿನ ಗಡುವು ಕೊಡಿ. ಅದೂ ನಿಮ್ಮ ಕೈಯಲ್ಲಿಲ್ಲದಿದ್ದರೆ ಯಾರ ಕೈಯಲ್ಲಿದೆ ಎಂದು ಬರೆದು ತಿಳಿಸಿ. ಅವರ ಬಾಗಿಲಿಗೂ ಹೋಗುತ್ತೇನೆ. ನಮಗಿನ್ನು ಇದರಿಂದ ಉಪಯೋಗವಿಲ್ಲ. ನಿಮ್ಮ ಬೆಂಚಿನ ಮೇಲೆ ಅಂದು ನಮ್ಮ ಪಕ್ಕದಲ್ಲೇ ಇನ್ನೂ ಆರು ಜನ ವಯಸ್ಸಾದವರು ಕೂತಿದ್ದರು.

ಇಂತಿ,
‘ಬಂದ್ಬಿಡಿ’ ಎಂದು ಹೇಳಬಾರದಿತ್ತು ಎಂದು ದಿನವೂ ಅಂದುಕೊಳ್ಳುವ,
ಪ್ರಾನೋಮ್