ಚೀಲದ ಮನೆಯಲ್ಲಿ ಬುಗುರಿ

ಮನೆ, ಅಡುಗೆಮನೆಯ ಮೇಜು
ತಾರೀಖು ಹದಿನಾಲ್ಕು, ಮಂಗಳವಾರ ಸಂಜೆ

ಪ್ರೀತಿಯ ಅಕ್ಕಾ,

ಕತ್ತು ನೋವು ಹೇಗಿದೆ? ಬಂದರಿನಲ್ಲಿ ಅಷ್ಟೆತ್ತರದ ಕ್ರೇನಿನ ಗೂಡಿನಲ್ಲಿ ಕೂತು ದಿನವಿಡೀ ಕೆಳಗೆ ಬಗ್ಗಿ ನೋಡುವುದೇ ಕಲಿಕೆ ಎಂದಮೇಲೆ ಕತ್ತು ಹಿಡಿಯದೆ ಇನ್ನೇನಾದೀತು! ಅಮ್ಮ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಅದು ಟ್ರಂಕಿನ ತಳದಲ್ಲೇ ಬೆಚ್ಚಗೆ ಮಲಗಿದೆಯೋ? ಗಾಳಿ ಜೋರಾದ ದಿನ ಕ್ರೇನ್ ನಿಲ್ಲಿಸುತ್ತಾರೆ ಎಂದು ನೀನು ಹೇಳಿದ್ದೇ ಹೇಳಿದ್ದು, ಇಲ್ಲಿ ಕಿಟಕಿ ಬಾಗಿಲು ಬಡಿದುಕೊಂಡರೆ ಸಾಕು, ಅಮ್ಮ "ಇವತ್ತು ಅವಳು ಕೆಳಗಿದ್ದಾಳೆ ಬಿಡು" ಎಂದು ನೆಮ್ಮದಿಯಾಗುತ್ತಾಳೆ. ಅಲ್ಲಿಗೂ ಇಲ್ಲಿಗೂ ಬೀಸುವುದು ಒಂದೇ ಗಾಳಿ ಎಂದುಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ದಿನವೆಲ್ಲ ಮುದ್ರಣಾಲಯದಲ್ಲಿ ಕರಡು ನೋಡಿ ಬಂದವಳಿಗೆ ಮನೆಯಲ್ಲಿ ಒಂದೆರಡು ತಪ್ಪು ಉಳಿದರೆ ಹಿತವೇ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳು ಬುಗುರಿಯಂತೂ ಚೆನ್ನಾಗಿರುವುದಕ್ಕಿಂತ ಒಂದು ಕೈ ಜಾಸ್ತಿಯೇ ಇದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಾರದೇ ಅನ್ನಬೇಡ. ಭಾನುವಾರದ ಫೋನು ಅಮ್ಮನದು, ಮಿಕ್ಕಿದ್ದು ಭಾವನದು. ನನ್ನ ಕೈಗೆ ಬರುವಷ್ಟರಲ್ಲಿ "ಹೂಂ", "ಹೌದು" ಬಿಟ್ಟರೆ ನನಗೆ ಬೇರೆ ಮಾತೇ ಹೊರಡುವುದಿಲ್ಲ. ಅದರ ಮೇಲೆ ಮೊನ್ನೆ ನೀನು ಹೇಳಿದ್ದೇನು! "ನನ್ನ ದನಿ ಕೇಳಿದ್ರೇ ಅಳ್ತಾಳೆ ಕಣೇ. ನಾನವಳಿಗೆ ಬೇಡವಾಗಿದ್ದೀನಿ. ಶನಿವಾರ ಸಾಹೇಬರಿಗೆ ಹೇಳಿ ಎಲ್ಲ ಬಿಟ್ಟು ಬಂದುಬಿಡ್ತೀನಿ" ಅಂದೆ. ಅಷ್ಟು ಆಸೆಪಟ್ಟು ಹೋದ ಕೆಲಸ. ಅದಕ್ಕೆ ಸ್ವಲ್ಪ ಮುಂಚೆ ಬುಗುರಿ ಏನು ಮಾಡಿದ್ದಳು ಎಂದು ನಿನಗೆ ಯಾರೂ ಹೇಳಲಿಲ್ಲ: ಫೋನನ್ನು ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟಿದ್ದಳು. ಭಾವ ಅವತ್ತು ರಾತ್ರಿ ಊಟಕ್ಕೆ ಕೂತು ಎದ್ದರು ಅಷ್ಟೆ. ಎದ್ದವರೇ, "ನಾಳೆ ಅಂಗಡಿಗೆ ರಜಾ ತಾನೇ, ಹೋಗೇಬಿಡೋಣ. ಮಗೂಗೂ ಒಂದು ಬದಲಾವಣೆ" ಎಂದರು. ತಿಂಗಳಿನಿಂದ ಬಾಯಿಮಾತಾಗಿಯೇ ಇದ್ದದ್ದು ಹಾಗೆ ದಿಢೀರನೆ ನಿಜವಾಯಿತು.

ಅಕ್ಕಾ, ನಾವು ಡೇರೆ ಹಾಕಿ ಮಲಗಿ ಬಂದೆವು! ನಾನು, ಭಾವ, ಬುಗುರಿ. ನಿನ್ನೆ ಹೋಗಿ ಇವತ್ತು ಮಧ್ಯಾಹ್ನ ಬಂದೆವು. ನನ್ನ ಕೂದಲಲ್ಲಿ ಇನ್ನೂ ಹುಲ್ಲಿದೆ.

ಡೇರೆ ನಮ್ಮದಲ್ಲ, ಪರದೆ ಹೊಲಿಯುವ ಅಂಗಡಿಯವರದು. ಅವರ ಮಕ್ಕಳು ದೊಡ್ಡವರಾದ ಮೇಲೆ ಅಟ್ಟ ಸೇರಿತ್ತಂತೆ. ಒಂದು ಬದಿ ಹರಿದಿತ್ತು. ಭಾವ ರಿಪೇರಿಗೆ ಬಂದ ಹೊಲಿಗೆ ಯಂತ್ರವೊಂದನ್ನು "ಪರೀಕ್ಷೆ ಮಾಡ್ತಿದ್ದೀನಿ" ಎನ್ನುತ್ತಾ ನೀಲಿ ಬಟ್ಟೆಯ ತೇಪೆ ಹಾಕಿಬಿಟ್ಟರು. ಅಮ್ಮನದು ಮಾತ್ರ ಒಂದೇ ಹಟ. "ಮನೆ ಇರೋರು ಯಾರಾದ್ರೂ ಗುಡಾರದಲ್ಲಿ ಮಲಗ್ತಾರೇನ್ರೀ? ಕಂಡೋರು ಮಾಲೀಕರು ಇವರನ್ನ ಹೊರಗೆ ಹಾಕಿದ್ರು ಅಂದ್ಕೋತಾರೆ!" ಹೀಗೆ ಬೈಯುತ್ತಲೇ ಎರಡು ಕಂಬಳಿ, ಮೂರು ದಿಂಬು, ಬುಗುರಿ ಕಕ್ಕಕ್ಕೆ ಕೂರುವ ಕೆಂಪು ಪಾಟಿ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬಾಳೆಹಣ್ಣು, ಹಾಲಿನ ಫ್ಲಾಸ್ಕು, ಜ್ವರ ಬಂದರೆ ಒಂದು ಔಷಧಿ, ಬರದಿದ್ದರೆ ಒಂದು ಔಷಧಿ, ಎಲ್ಲ ಕಟ್ಟಿದಳು. ಭಾವ ತಡೆಯಲಾರದೆ, "ಅತ್ತೆ, ಇನ್ನು ಬಾಕಿ ಇರೋದು ನೀವೊಬ್ರೇ. ನೀವೂ ಚೀಲದಲ್ಲಿ ಕೂತುಬಿಡಿ" ಎಂದರು. ಅಮ್ಮ ನಗು ತಡೆದು ಇನ್ನೊಂದು ಟವೆಲ್ ತುರುಕಿದಳು.

ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಕೆರೆ. ದಡದಲ್ಲಿ ಹುಲ್ಲು, ಒಂದಿಷ್ಟು ಮರ, ಆ ತುದಿಗೆ ಒಂದು ನಲ್ಲಿ, ಅಲ್ಲಲ್ಲಿ ಬೇರೆಯವರ ಡೇರೆಗಳು. ಬುಗುರಿಯನ್ನು ಕೆಳಗಿಳಿಸಿದ್ದೇ ತಡ, ಹೆಸರಿಗೆ ತಕ್ಕ ಹಾಗೆ ತಿರುಗತೊಡಗಿದಳು. ತಿರುಗಿ ಬಿದ್ದಳು, ಎದ್ದಳು, ಮತ್ತೆ ತಿರುಗಿದಳು. ಅಷ್ಟು ದೊಡ್ಡ ನೆಲವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಭಾವ ಚೀಲದಿಂದ ಡೇರೆ ಎಳೆದು ಹರಡಿದಾಗ ಬಾಯಿ ತೆರೆದು ನೋಡಿ, "ಚೀಲಾ... ಮನೆ!" ಎಂದಳು. ಎರಡು ದಿನದಿಂದ ಅದು ಚೀಲದ ಮನೆಯೇ. ಇನ್ನು ನೀವ್ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯುವ ಹಾಗಿಲ್ಲ.

ನಿನ್ನ ಗಂಡ ಯಾವ ಯಂತ್ರವನ್ನಾದರೂ ಬಿಚ್ಚಿ ಕಣ್ಣು ಮುಚ್ಚಿ ಜೋಡಿಸಬಲ್ಲರು. ಆದರೆ ಡೇರೆ ಅವರನ್ನು ಆಟ ಆಡಿಸಿತು. ಎಲ್ಲ ಕೋಲುಗಳನ್ನೂ ತೂರಿಸಿ ನಿಲ್ಲಿಸಿದ ಮೇಲೆ ಕೈಯಲ್ಲಿ ಒಂದು ಕೋಲು ಉಳಿಯಿತು. ನಾನು ಅದನ್ನೇ ನೋಡುತ್ತಿದ್ದೆ. "ಏನು ಪಂಡಿತರೇ, ಹಾಗೆ ನೋಡ್ತೀರಾ? ಇದು ಸ್ಟೆಪ್ನಿ" ಎಂದರು. ಅಷ್ಟರಲ್ಲಿ ಗೂಟ ಬಡಿಯಲು ಸುತ್ತಿಗೆಯೇ ತಂದಿಲ್ಲ ಎಂದು ಗೊತ್ತಾಯಿತು. ಔಷಧಿ ಎರಡು ಬಗೆ, ಸುತ್ತಿಗೆ ಸೊನ್ನೆ. "ಪಕ್ಕದವರ ಹತ್ತಿರ ಕೇಳಿ ತನ್ನಿ" ಎಂದು ನನ್ನನ್ನೇ ಕಳಿಸಬೇಕೇ! ಪಕ್ಕದ ಡೇರೆಯ ಮುಂದೆ ದಪ್ಪ ಮೀಸೆಯ ಒಬ್ಬರು ಕುರ್ಚಿ ಹಾಕಿ ಕೂತಿದ್ದರು. "ದಯವಿಟ್ಟು ತಪ್ಪು ತಿಳಿಯಬೇಡಿ" ಎಂದು ಶುರು ಮಾಡುವುದೋ, "ನಿಮ್ಮ ಹತ್ತಿರ ಏನಾದರೂ" ಎಂದು ಶುರು ಮಾಡುವುದೋ ಎಂದು ನಾನು ಮರದ ಹಿಂದೆ ನಿಂತು ವಾಕ್ಯ ಕಟ್ಟುತ್ತಿದ್ದೆ. ಬುಗುರಿ ನನ್ನ ಕೈ ಬಿಡಿಸಿಕೊಂಡು ಸೀದಾ ಹೋಗಿ, ಅವರ ಮೊಣಕಾಲಿಗೆ ತಟ್ಟಿ, "ಕೊಡು" ಎಂದಳು. ಏನು ಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಅವರು ನಕ್ಕು ನಕ್ಕು ಸುತ್ತಿಗೆ ತಂದು ತಾವೇ ಗೂಟ ಬಡಿದುಕೊಟ್ಟರು. ಹೊರಡುವಾಗ ಸುತ್ತಿಗೆಯನ್ನು ನಮ್ಮಲ್ಲೇ ಬಿಟ್ಟು "ಸರಿ ಪುಟ್ಟಿ, ನಾನು ಬರ್ತೀನಿ" ಎಂದರು. ಬುಗುರಿ ಗಂಭೀರವಾಗಿ ಟಾಟಾ ಮಾಡಿದಳು. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಬಿಂದಿಗೆ ಹಿಡಿದು ನಲ್ಲಿಯ ಕಡೆ ಹೋದರು. ನೀರು ಹಿಡಿದು ತಿರುಗಿದವರನ್ನು ಇವಳು ದೂರದಿಂದಲೇ ಕಂಡು ಖುಷಿಯಿಂದ "ಅಪ್ಪಾ!" ಎಂದು ಕೂಗಿದಳು. ಅವರು ಕೈ ಎತ್ತಿ, "ಬರ್ತೀನಿ ಪುಟ್ಟಾ, ಬರ್ತೀನಿ!" ಎಂದರು. ಅಷ್ಟೇ ಅಕ್ಕಾ. ಇವಳ ಮುಖ ಮುದುಡಿತು. ತುಟಿ ನಡುಗಿತು. ಹೋ ಎಂದು ಅಳು. ಭಾವ ಗಾಬರಿಯಾಗಿ ನೀರು ಚೆಲ್ಲುತ್ತಾ ಓಡಿಬಂದರು, ಓಡುತ್ತಲೇ "ಬರ್ತೀನಿ, ಬರ್ತೀನಿ" ಎಂದು ಇನ್ನೂ ಜೋರಾಗಿ ಕೂಗಿದರು. ಇವಳು ಕಿವಿ ಮುಚ್ಚಿಕೊಂಡು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಭಾನುವಾರ ಫೋನಿನ ಮುಂದೆ ನಡೆದದ್ದೇ, ಒಂದು ಅಕ್ಷರ ಬದಲಾಗಿರಲಿಲ್ಲ. ಹತ್ತಿರ ಬಂದು ಏದುಸಿರಿನಲ್ಲಿ "ಬಂದೆ, ನೋಡು, ಬಂದೆ" ಎಂದಾಗ ತಲೆಯೆತ್ತಿ ನೋಡಿ, ಅವರ ಒದ್ದೆ ಅಂಗಿಗೆ ಅಂಟಿಕೊಂಡಳು. ಭಾವ ಅವಳ ಬೆನ್ನು ಸವರುತ್ತಾ, "ಈಗ ನಾನೂ ಬೇಡವಾದ್ನೇನೋ" ಎಂದರು. ತಮಾಷೆಗೇ ಹೇಳಿದ್ದು, ಆದರೆ ನಗಲಿಲ್ಲ.

ರಾತ್ರಿಯ ಬಗ್ಗೆ ಹೇಳುವುದೇನೂ ಇಲ್ಲ. ಅವಳು ಅಡ್ಡಡ್ಡ ಮಲಗಿದಳು, ನಾವು ಉಳಿದ ಜಾಗದಲ್ಲಿ ಮಲಗಿದೆವು, ಸ್ಟೆಪ್ನಿ ಕೋಲು ಹಾಕಬೇಕಿದ್ದ ಮೂಲೆ ಜೋತು ಬಿದ್ದು ಭಾವನ ಮುಖದ ಮೇಲೆ ಕೂತಿತ್ತು.

ಬೆಳಿಗ್ಗೆ ಝಿಪ್ಪಿನ ಸದ್ದಿಗೆ ಕಣ್ಣು ಬಿಟ್ಟೆ. ಡೇರೆಯ ಝಿಪ್ಪು ನೆಲದಿಂದ ಶುರುವಾಗುತ್ತದಲ್ಲ, ಅದು ಅವಳ ಕೈಗೆ ಸಿಕ್ಕಿಬಿಟ್ಟಿತ್ತು. ಮೊಣಕಾಲಷ್ಟು ಎಳೆದರೆ ಸಾಕು, ಅವಳು ನುಸುಳುವಷ್ಟು ದಾರಿ. ನಮ್ಮ ಮನೆಯ ಚಿಲಕ ಅವಳ ತಲೆಯ ಮೇಲೆ ಎಲ್ಲೋ ಇದೆ. ಬಾಗಿಲು ತೆಗೆಯುವವರು, ಹೋಗುವವರು ಯಾವಾಗಲೂ ದೊಡ್ಡವರು. ಉಳಿಯುವವಳು ಇವಳು. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಬಾಗಿಲು ಅವಳದಾಗಿತ್ತು. ಆ ಸಂಭ್ರಮ ನೀನು ನೋಡಬೇಕಿತ್ತು! ತಲೆ ಹೊರಗೆ ಹಾಕಿ, ನನ್ನ ಕಡೆ ತಿರುಗಿ, ಕೈಯಾಡಿಸಿ "ಚಿಕ್ಕೀ, ಬತ್ತೀನಿ!" ಎಂದು ಹೊರಟಳು. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ. ಮತ್ತೆ ನುಸುಳಿ ಒಳಗೆ ಬಂದು, ಎದೆ ಉಬ್ಬಿಸಿ, "ಬಂದೇ!" ಮತ್ತೆ ಹೊರಗೆ, "ಬತ್ತೀನಿ!" ಮತ್ತೆ ಒಳಗೆ, "ಬಂದೇ!" ನಾನು ನಗುತ್ತಾ ಮಲಗಿದ್ದವಳು ಎದ್ದು ಕೂತೆ.

ಅಕ್ಕಾ, ಅವಳು ತಪ್ಪು ಹೇಳುತ್ತಿಲ್ಲ. ನಾವು ಕಲಿಸಿದ್ದನ್ನೇ ಹೇಳುತ್ತಿದ್ದಾಳೆ. ನಮ್ಮ ಮನೆಯಲ್ಲಿ ಹೊಸಿಲು ದಾಟುವಾಗ "ಹೋಗ್ತೀನಿ" ಎಂದವರುಂಟೇ? ಎಂದರೆ ಅಮ್ಮ ಬಿಟ್ಟಾಳೆಯೇ? "ಹೋಗ್ತೀನಿ ಅನ್ನಬಾರ್ದು, ಬರ್ತೀನಿ ಅನ್ನು" ಎಂದು ನಮ್ಮಿಬ್ಬರನ್ನೂ ಬಾಗಿಲಿಂದ ವಾಪಸು ಕರೆದು ಹೇಳಿಸುತ್ತಿದ್ದಳು. ಭಾವ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಬರ್ತೀನಿ, ನಾನು ಮುದ್ರಣಾಲಯಕ್ಕೆ ಹೊರಡುವಾಗ ಬರ್ತೀನಿ, ಮೀಸೆಯವರು ಎದ್ದು ಹೋಗುವಾಗ ಬರ್ತೀನಿ. ನೀನು ಟ್ರಂಕು ಹಿಡಿದು ಬಸ್ಸು ಹತ್ತುವಾಗಲೂ ಅವಳ ಕೆನ್ನೆಗೆ ಕೆನ್ನೆ ಒತ್ತಿ ಹೇಳಿದ್ದು ಅದೇ. ಬರ್ತೀನಿ ಎಂದವರೆಲ್ಲ ಹೋಗುತ್ತಾರೆ, ಇದು ಅವಳು ಕಂಡುಕೊಂಡ ಅರ್ಥ. ವ್ಯಾಕರಣ ಓದಿದ ನನಗೆ ಹೊಳೆಯಲಿಲ್ಲ. ಈಗ ನೀನು ಫೋನಿನಲ್ಲಿ ಮೊಟ್ಟಮೊದಲು ಏನು ಹೇಳುತ್ತೀ ನೆನಪು ಮಾಡಿಕೋ. "ಬರ್ತೀನಿ ಕಂದಾ, ಬೇಗ ಬರ್ತೀನಿ." ಅವಳು ನಿನ್ನ ದನಿ ಕೇಳಿ ಓಡಿಬಂದು ಕಿವಿ ಕೊಡುತ್ತಾಳೆ, ಕೊಟ್ಟ ತಕ್ಷಣ ಅಮ್ಮ ಹೊರಟೇಬಿಟ್ಟಳು!

ಭಾವನನ್ನು ಎಬ್ಬಿಸಿ ಹೇಳಿದೆ. "ಪಂಡಿತರೇ, ನಿಮಗೆ ನಿದ್ದೆ ಸಾಲದು" ಎಂದರು. ಆದರೂ ಎದ್ದು, ಕೆರೆಯ ದಡದವರೆಗೆ ನಡೆದುಹೋಗಿ ನಿಂತರು. ಬುಗುರಿ "ಅಪ್ಪಾ!" ಎಂದಳು. ಭಾವ "ಬಂದೆ!" ಎಂದು ಕೂಗಿ ಈ ಕಡೆ ಹೆಜ್ಜೆ ಹಾಕಿದರು. ಅಳುವುದಿರಲಿ, ಇವಳು ಎರಡೂ ಕೈ ಚಾಚಿ ಎದುರಿಗೇ ಓಡಿದಳು. ಓಡಿ ಬಿದ್ದಳು, ಬಿದ್ದಲ್ಲೇ ನಕ್ಕಳು. ಭಾವ ಆ ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತುಬಿಟ್ಟರು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ಕೂದಲಿನ ಹುಲ್ಲು ಆರಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆ, "ಅವಳಿಗೆ ಬರೀರಿ. ಇವತ್ತೇ ಬರೀರಿ" ಎಂದರು.

ಅಲ್ಲಿಂದ ಬುಗುರಿಗೆ ಇನ್ನಷ್ಟು ಹುರುಪು ಬಂತು. ನಾವು ಹಾಲು ಬಿಸಿ ಇದೆಯೇ ಎಂದು ನೋಡುವಷ್ಟರಲ್ಲಿ ಒಂದು ಗೂಟ ಕಿತ್ತಳು, ಚೀಲದ ಮನೆ ಉಸ್ಸೆಂದು ಕೂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೀಸೆಯವರು ಆ ಕಡೆಯಿಂದ ಚಪ್ಪಾಳೆ ತಟ್ಟಿದರು. ಸುತ್ತಿಗೆ ವಾಪಸು ಕೊಡಲು ಈ ಸಲ ನಾನೇ ಹೋದೆ, ಪೂರ್ತಿ ವಾಕ್ಯದಲ್ಲಿ ಮಾತಾಡಿದೆ. ನಂಬು.

ಅಮ್ಮ ಒಲೆಯ ಮುಂದಿನಿಂದಲೇ ನಿನಗೆ ಆಶೀರ್ವಾದ ಹೇಳುತ್ತಿದ್ದಾಳೆ, ಎಣ್ಣೆಯ ವಿಷಯ ಮತ್ತೊಮ್ಮೆ ಬರಿ ಎನ್ನುತ್ತಿದ್ದಾಳೆ. ಭಾವನ ಪಾಲಿನ ಮಾತುಗಳನ್ನು ಅವರೇ ಬೇರೆ ಹಾಳೆಯಲ್ಲಿ ಬರೆದು ಮಡಚಿ ಒಳಗಿಟ್ಟಿದ್ದಾರೆ, ನಾನು ಓದಿಲ್ಲ. ಬುಗುರಿಯ ಎಂಜಲು ಮುತ್ತು ಈ ಹಾಳೆಯ ಬಲಮೂಲೆಯಲ್ಲಿದೆ, ಶಾಯಿ ಕದಡಿರುವ ಕಡೆ.

ನಿನ್ನ ತಂಗಿ,
ಬುಗುರಿಯ ಚಿಕ್ಕಿ

ವಿ. ಸೂ.: ನಿಮ್ಮ ಬಂದರಿಗೆ ಸರಕು ಸಾಗಿಸುವ ಲಾರಿಯ ಡ್ರೈವರಣ್ಣ ಈ ಕಾಗದ ಒಯ್ಯಲು ಬಂದು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಶನಿವಾರ ಸಾಹೇಬರ ಹತ್ತಿರ ಹೋಗಬೇಡ. ಮಧ್ಯಾಹ್ನ ಭಾವನ ಕೈಲಿ ಅಂಗಡಿಯಿಂದ ಫೋನ್ ಮಾಡಿಸಿ ನೋಡಿದೆ, ಆ ಪದ ಬಾಯಿಗೆ ಬರಕೂಡದು ಎಂದು ತಾಕೀತು ಮಾಡಿ. ಬುಗುರಿ ದಿಂಬಿನ ಹತ್ತಿರಕ್ಕೂ ಹೋಗಲಿಲ್ಲ, ಫೋನ್ ಅಪ್ಪಿಕೊಂಡು ಚೀಲದ ಮನೆಯ ಕಥೆಯೆಲ್ಲ ಹೇಳಿ, ಕೊನೆಗೆ ತಾನೇ "ಬತ್ತೀನಿ" ಎಂದು ಫೋನ್ ಅಮ್ಮನ ಕೈಗಿಟ್ಟು ನಡೆದಳು. ಭಾನುವಾರ ಅವಳು ಫೋನಿಗೆ ಬಂದ ಕೂಡಲೇ "ಅಮ್ಮ ಬಂದೆ" ಅನ್ನು. ದನಿ ಬಂದರೂ ಬಂದ ಹಾಗೆಯೇ ಅಲ್ಲವೇ? "ಬರ್ತೀನಿ"ಯನ್ನು ಕೊನೆಗೆ ಇಟ್ಟುಕೋ. ಆಗ ಅವಳು ಅತ್ತರೆ ಅಳಲಿ ಅಕ್ಕಾ, ಅದು ನೀನು ಹೊರಟೆಯಲ್ಲ ಎಂಬ ಅಳು.